ನಾಲ್ಕನೆಯ ವಾಟ್ನಿ

ಆತನ ಹೆಸರು ಬರೆಯುವುದಿಲ್ಲ. ಬರೆದರೆ ಯಾರಿಗೂ ತೊಂದರೆಯಿಲ್ಲ, ಆತ ಹೋಗಿ ವರ್ಷಗಳೇ ಆದವು. ಆದರೆ ಆ ಹೆಸರನ್ನು ನಾನು ಒಮ್ಮೆ ಎತ್ತಬಾರದ ಕಡೆ ಎತ್ತಿದವನು. ಇನ್ನೊಮ್ಮೆ ಎತ್ತಲು ಬಾಯಿ ಬರುವುದಿಲ್ಲ. ಭೋಸರಿಯ ನಮ್ಮ ಕಾರ್ಖಾನೆಯಲ್ಲಿ ಎಲ್ಲರೂ ಆತನನ್ನು ‘ಕಂಪ್ಯೂಟರ್‌ವಾಲಾ’ ಎಂದು ಕರೆಯುತ್ತಿದ್ದರು. ನನಗೆ ಮಾತ್ರ ಆತ ‘ನಮ್ಮ ಕಡೆಯವ’. ಪುಣೆಯಲ್ಲಿ ‘ನಮ್ಮ ಕಡೆಯವ’ ಅನ್ನುವುದು ಬರೀ ಪ್ರೀತಿಯ ಮಾತು ಎಂದು ನೀವು ತಿಳಿದಿದ್ದರೆ ನೀವು ಅಲ್ಲಿ ನೌಕರಿ ಮಾಡಿದವರಲ್ಲ. ನಮ್ಮ ಕಡೆಯವ ಏನಾದರೂ ಎಡವಟ್ಟು ಮಾಡಿದರೆ ನಮ್ಮ ಕಡೆಯೂ ನಾಲ್ಕು ಮಂದಿ ತಿರುಗಿ ನೋಡುತ್ತಾರೆ. ಹಾಗಾಗಿ ಮೊದಲ ದಿನದಿಂದಲೇ ನಾನು ಆತನ ಮೇಲೆ ಒಂದು ಕಣ್ಣಿಟ್ಟಿದ್ದೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದ ಕಾಲ. ನಮ್ಮದು ಗಾಡಿಗಳ ಬಿಡಿಭಾಗಗಳನ್ನು ಹಿಡಿದು ಕೊರೆಯಲು ಬೇಕಾದ ಫಿಕ್ಸ್ಚರ್ ತಯಾರಿಸುವ ಸಣ್ಣ ಕಾರ್ಖಾನೆ. ನಾನು ಡ್ರಾಯಿಂಗ್ ವಿಭಾಗದ ಮುಖ್ಯಸ್ಥ. ಆ ವಿಭಾಗದಲ್ಲಿ ನನ್ನನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ, ಅದು ಬೇರೆ ಮಾತು. ಇಪ್ಪತ್ತು ವರ್ಷ ಹಲಗೆಯ ಮೇಲೆ ಪೆನ್ಸಿಲ್ಲಿನಿಂದ ಗೆರೆ ಎಳೆದವನನ್ನು ಮಾಲಕರು ಒಂದು ದಿನ ಕಂಪ್ಯೂಟರಿನ ಮುಂದೆ ಕೂರಿಸಿದ್ದರು. ಆ ಡಬ್ಬಿಯ ಮೇಲೆ ನನಗೆ ನಂಬಿಕೆ ಇರಲಿಲ್ಲ, ಆದರೆ ಅದು ನನ್ನದು ಎಂಬ ಹಕ್ಕು ಮಾತ್ರ ಬೇಗ ಬಂದುಬಿಟ್ಟಿತು.

ಆತ ಬಂದಿದ್ದು ಕೈಯಲ್ಲೊಂದು ಸ್ಕ್ರೂಡ್ರೈವರ್, ಅಂಗಿಯ ಜೇಬಿನಲ್ಲೊಂದು ಫ್ಲಾಪಿ ಇಟ್ಟುಕೊಂಡು. ನನಗಿಂತ ಹದಿನೈದು ವರ್ಷ ಚಿಕ್ಕವ. ಆಳಂದ ಕಡೆಯವ. ಅಪ್ಪ ಅವ್ವ ಇಬ್ಬರೂ ಪುಣೆಯ ಕಟ್ಟಡಗಳಿಗೆ ಕಲ್ಲು, ಸಿಮೆಂಟು ಹೊತ್ತವರು. ಒಂದು ಕಟ್ಟಡದ ಸ್ಲ್ಯಾಬ್ ಹಾಕಿ ಮುಗಿದಂತೆಲ್ಲ ಇವರ ತಗಡಿನ ಮನೆಯೂ ಒಂದು ಸೈಟಿನಿಂದ ಇನ್ನೊಂದು ಸೈಟಿಗೆ ಹೋಗುತ್ತಿತ್ತಂತೆ. ಆತ ಮಾತ್ರ ಊರಲ್ಲಿ ಸೋದರಮಾವನ ಮನೆಯಲ್ಲಿದ್ದು ಕನ್ನಡ ಶಾಲೆ ಕಲಿತು, ಆಮೇಲೆ ಪಿಂಪರಿಯ ಒಂದು ಟೀವಿ ರಿಪೇರಿ ಅಂಗಡಿ ಸೇರಿ, ಅಲ್ಲಿಂದ ಕಂಪ್ಯೂಟರಿಗೆ ಬಂದಿದ್ದ. ಇದನ್ನೆಲ್ಲ ಆತ ತಾನಾಗಿಯೇ ಹೇಳಿಕೊಂಡ, ನಾನು ಕೇಳಿರಲಿಲ್ಲ. ನನ್ನ ಮರಾಠಿಯನ್ನು ಎರಡು ಮಾತು ಕೇಳಿದ್ದೇ ತಡ, “ಸರ, ನೀವು ವಿಜಾಪುರ ಕಡ್ಯಾವ್ರೇನ್ರಿ?” ಅಂದ. ನಾನು ಹೌದು ಅಂದೆ, ಆದರೆ ಮರಾಠಿಯಲ್ಲಿ ಅಂದೆ. ಮಾಲಕರು ಪಕ್ಕದಲ್ಲೇ ನಿಂತಿದ್ದರು.

ಡಿಸ್ಕನ್ನು ಭಾಗ ಮಾಡುವುದಕ್ಕೆ ಆತ ‘ವಾಟ್ನಿ’ ಅನ್ನುತ್ತಿದ್ದ. ಅಣ್ಣತಮ್ಮಂದಿರು ಆಸ್ತಿ ಹಂಚಿಕೊಳ್ಳುವುದಕ್ಕೆ ನಮ್ಮ ಕಡೆ ಬಳಸುವ ಮಾತದು. ಅದು ಕಿವಿಗೆ ಬಿದ್ದರೇನೇ ನನಗೆ ಮೈಯೆಲ್ಲ ಎಚ್ಚರವಾಗುತ್ತದೆ. ನಮ್ಮ ಮನೆತನದ ವಾಟ್ನಿಯಲ್ಲಿ ದೊಡ್ಡಪ್ಪ ನಗುನಗುತ್ತಾ ಗೆರೆ ಎಳೆದರು, ಬಾವಿ ಆ ಕಡೆ ಹೋಯಿತು, ನಮ್ಮಪ್ಪ ಸಾಯುವವರೆಗೆ ಆ ಬಾವಿಯನ್ನು ದಂಡೆಯ ಈಚೆಯಿಂದ ನೋಡಿದರು. ಅಂಥವರ ಮಗನ ಹತ್ತಿರ ಬಂದು ಈತ ಹೇಳಿದ್ದು ಹೀಗೆ:

“ಸರ, ನಿಮ್ಮ ಡಿಸ್ಕ್ ಭಾಳ ದೊಡ್ಡದದ. ಅರ್ಧಾ ಖಾಲೀನ ಬಿದ್ದದ. ಒಂದೀಟು ಸರೀರಿ, ಬಾಜೂಕ ಲಿನಕ್ಸ್ ಕುಂದ್ರಸ್ತೀನಿ.”

“ಸರೀಲಿಕ್ಕೆ ಇದೇನು ಬಸ್ಸಿನ ಸೀಟೇನ್ರಿ?”

“ಹಂಗ ತಿಳೀರಿ. ಮೂರು ಮಂದಿ ಕೂಡೂ ಸೀಟಿನ್ಯಾಗ ನೀವೊಬ್ರ ಕಾಲು ಚಾಚಿ ಕುಂತೀರಿ.”

ಮಾಲಕರಿಗೆ ಉಗ್ರಾಣದ ಲೆಕ್ಕವನ್ನು ಕಂಪ್ಯೂಟರಿಗೆ ಹಾಕಿಸಬೇಕಿತ್ತು, ಅದಕ್ಕಾಗಿ ಹೊಸ ಯಂತ್ರ ತರುವ ಮನಸ್ಸಿರಲಿಲ್ಲ. ಪತ್ರಿಕೆಯೊಂದರ ಜೊತೆ ಪುಕ್ಕಟೆ ಬರುವ ಸಿಡಿಯಿಂದ ಲಿನಕ್ಸ್ ಎಂಬ, ವಿಂಡೋಸಿನಂಥದೇ ಇನ್ನೊಂದು ವ್ಯವಸ್ಥೆಯನ್ನು ಹಾಕಿ, ನಾನು ಸಂಜೆ ಮನೆಗೆ ಹೋದ ಮೇಲೆ ಅದೇ ಯಂತ್ರದಲ್ಲಿ ಕೆಲಸ ಮಾಡಿಕೊಡುತ್ತೇನೆಂದು ಆತ ಒಪ್ಪಿಸಿದ್ದ. ಹಾಗೆ ವಿಂಡೋಸಿನಲ್ಲಿದ್ದ ನನ್ನ ಡ್ರಾಯಿಂಗುಗಳಿಗೆ ಬಾಜೂಕ ಒಬ್ಬ ಬಂದು ಕುಳಿತ. ಆರು ತಿಂಗಳಿಗೆ ಇನ್ನೊಬ್ಬ ಬಂದ, ಹೊಸ ಸಿಡಿಯ ಹೊಸ ಲಿನಕ್ಸ್. ಒಂದು ಇದ್ದೇ ಇದೆಯಲ್ಲ, ಇನ್ನೊಂದು ಯಾಕೆ ಎಂದು ಕೇಳಿದೆ. “ಹೊಸಾದು ಕಲೀಲಾಕ ಸರ. ಹಳೇದು ನಿಂತಿರಲಿ. ಹೊಸಾದನ್ನ ನಂಬಿ ಹಳೇದು ಅಳಸಿದವ ಎರಡೂ ಕಳಕೋತಾನ” ಅಂದ. ಈ ಮಾತು ನನಗೆ ಹಿಡಿಸಿತು ಎಂದು ಒಪ್ಪಿಕೊಳ್ಳಬೇಕು. ಆದರೆ ಪ್ರತಿ ಸಲವೂ ಸರಿಯಬೇಕಾದವ ನಾನೇ ಅನ್ನುವುದು ಹಿಡಿಸಲಿಲ್ಲ.

ಗಡಿ ಸರಿಸುವ ಕೆಲಸ ಆತ ಮಾಡುತ್ತಿದ್ದುದು ಶುಕ್ರವಾರ ಬೆಳಗ್ಗೆ ಮಾತ್ರ. ಗುರುವಾರ ನಮ್ಮ ಇಡೀ ಕೈಗಾರಿಕಾ ವಸಾಹತಿಗೆ ರಜೆ, ಕರೆಂಟೂ ಇರುವುದಿಲ್ಲ. ಶುಕ್ರವಾರ ದೊಡ್ಡ ಪ್ರೆಸ್ಸುಗಳು ಸುರುವಾಗುವುದರೊಳಗಿನ ಎರಡು ತಾಸು ಕರೆಂಟು ಅಲುಗಾಡುವುದಿಲ್ಲ ಎಂಬುದು ಆತನ ಲೆಕ್ಕ. ಅದಕ್ಕೂ ಮೊದಲು ನನ್ನ ಡ್ರಾಯಿಂಗುಗಳನ್ನೆಲ್ಲ ನಲವತ್ತು ಚಿಲ್ಲರೆ ಫ್ಲಾಪಿಗಳಿಗೆ ನಕಲು ಮಾಡಿಸುತ್ತಿದ್ದ. ಮಾಡಿಯಾಯಿತು ಅಂದರೆ ಸಾಲದು. “ನಕಲು ಅದ ಅನಬ್ಯಾಡ್ರಿ ಸರ, ತಗದು ತೋರಸ್ರಿ” ಅನ್ನುತ್ತಿದ್ದ. ಒಂದೊಂದು ಫ್ಲಾಪಿಯನ್ನೂ ಆಫೀಸಿನ ಇನ್ನೊಂದು ಯಂತ್ರದಲ್ಲಿ ಹಾಕಿ, ಡ್ರಾಯಿಂಗ್ ತೆರೆದು, ಅದರಲ್ಲಿನ ಒಂದು ಅಳತೆಯನ್ನು ನಾನು ಬಾಯಿಬಿಟ್ಟು ಓದಿದ ಮೇಲೆಯೇ ಮುಂದಿನ ಮಾತು. ಶಾಲೆಯ ಮಾಸ್ತರನ ಮುಂದೆ ಮಗ್ಗಿ ಒಪ್ಪಿಸಿದ ಹಾಗಾಗುತ್ತಿತ್ತು.

ಆಮೇಲೆ ಡಿಸ್ಕನ್ನು ಒಟ್ಟುವ ಕೆಲಸ. ಪರದೆಯ ತುಂಬ ಬಣ್ಣದ ಸಣ್ಣ ಚೌಕಗಳು. ಅಲ್ಲಲ್ಲಿ ಚದುರಿದ್ದವು ಒಂದೊಂದಾಗಿ ಮುಂದಕ್ಕೆ ಸರಿದು ಒತ್ತೊತ್ತಾಗಿ ಕೂಡುತ್ತಿದ್ದವು. ಹಿಂದೆ ಬರೀ ಖಾಲಿ ಜಾಗ ಉಳಿದಾಗ ಅದನ್ನು ಕತ್ತರಿಸಿ ಬೇರೆ ಹೆಸರಿಗೆ ಬರೆಯುವುದು. ಕತ್ತರಿಸುವ ಮೊದಲು ಕಂಪ್ಯೂಟರು ‘ಖಂಡಿತವೇ?’ ಎಂದು ಕೇಳುತ್ತದೆ. ಆಗ ಆತ ಉತ್ತರ ಹೊಡೆಯುತ್ತಿರಲಿಲ್ಲ. ಎರಡೂ ಕೈ ಎತ್ತಿಕೊಂಡು ಏಳುತ್ತಿದ್ದ, ಹೊರಗೆ ಮಡಕೆಯ ಹತ್ತಿರ ಹೋಗಿ ನೀರು ಕುಡಿದು, ಬಂದು, ಕುರ್ಚಿಯ ಹಿಂದೆ ನಿಂತೇ ಪರದೆಯ ಅಂಕಿಗಳನ್ನು ಮತ್ತೊಮ್ಮೆ ಓದುತ್ತಿದ್ದ. “ಕುಂತಾಗ ತಪ್ಪು ಕಾಣಂಗಿಲ್ರಿ. ಎದ್ದು ಬಂದ್ರ ಕಾಣ್ತದ.” ಒಮ್ಮೆ ನಿಜವಾಗಿಯೂ ಹಾಗೆ ತಪ್ಪು ಕಂಡು, ಬೆವರು ಒರೆಸಿಕೊಂಡು ಮತ್ತೆ ಮೊದಲಿನಿಂದ ಸುರು ಮಾಡಿದ್ದನ್ನು ನೋಡಿದ್ದೇನೆ.

ಎಲ್ಲ ಮುಗಿದ ಮೇಲೆ ಯಾವ ವಾಟ್ನಿ ಡಿಸ್ಕಿನ ಯಾವ ಅಂಕಿಯಿಂದ ಯಾವ ಅಂಕಿಯವರೆಗೆ ಎಂದು ಒಂದು ಚೀಟಿಯಲ್ಲಿ ಬರೆದು, ಕಂಪ್ಯೂಟರಿನ ಮುಚ್ಚಳ ಬಿಚ್ಚಿ, ಅದರ ಒಳಮೈಗೆ ಅಂಟಿಸುತ್ತಿದ್ದ. ಬರೆಯುತ್ತಿದ್ದುದು ಕನ್ನಡ ಅಂಕಿಯಲ್ಲಿ. ಯಾಕೆ ಕನ್ನಡದಲ್ಲಿ ಎಂದು ಕೇಳಿದೆ.

“ಬ್ಯಾರೆವ್ರು ಓದಿ ಬದಲಿ ಮಾಡಬಾರ್ದಂತ ಸರ. ಇಲ್ಲಿ ಓದಾವ್ರು ನೀವೊಬ್ರ. ನಿಮ್ಮಿಂದೇನು ಕಾಟ?”

ಮಶೀನಿನ ಮೇಲೆ ಇಷ್ಟು ಸಂಶಯವಿದ್ದವ ಮನುಷ್ಯರ ವಿಷಯದಲ್ಲಿ ಹೀಗೆ. ಬಂದ ವಾರಕ್ಕೇ ಗೇಟಿನವನಿಗೆ ತನ್ನ ಸೈಕಲ್ಲಿನ ಕೀಲಿ ಕೊಟ್ಟಿದ್ದ, ಬೇಕಾದಾಗ ತಗೋ ಎಂದು. ಊಟದ ಡಬ್ಬಿ ತೆರೆದಿಟ್ಟು ಫೋನು ಬಂತೆಂದು ಎದ್ದು ಹೋಗುತ್ತಿದ್ದ, ವಾಪಸು ಬರುವುದರೊಳಗೆ ಯಾರಾದರೂ ಒಂದು ಖಡಕ್ ರೊಟ್ಟಿ ಎತ್ತಿದ್ದರೆ ಇನ್ನೊಂದನ್ನೂ ಅವರ ಕೈಗೇ ಕೊಡುತ್ತಿದ್ದ. ನನಗೂ ಶೇಂಗಾ ಚಟ್ನಿ ನೀಡಲು ಬರುತ್ತಿದ್ದ. ನಾನು ಹೊಟ್ಟೆ ತುಂಬಿದೆ ಅನ್ನುತ್ತಿದ್ದೆ. ಇಷ್ಟು ಒಳ್ಳೆಯವ ಯಾಕಿದ್ದಾನೆ ಎಂಬುದೇ ನನ್ನ ಮೊದಲ ಅನುಮಾನ. ತಾ ಕಳ್ಳ ಪರರ ನಂಬ ಅನ್ನುವ ಗಾದೆ ನನಗೆ ಗೊತ್ತಿಲ್ಲದ್ದೇನಲ್ಲ, ಆದರೆ ಗಾದೆ ಯಾವಾಗಲೂ ಬೇರೆಯವರಿಗೆ ಅನ್ವಯಿಸಲಿಕ್ಕೆ ಅಲ್ಲವೇ.

ಸಂಶಯ ಎಂಬ ಪಿಶಾಚಿ ಒಮ್ಮೆ ಹೊಕ್ಕರೆ ಮುಗಿಯಿತು, ನೋಡಿದ್ದೆಲ್ಲ ಅದಕ್ಕೆ ಊಟ. ಜೇಬಿನಲ್ಲಿ ಸದಾ ಇರುವ ಆ ಫ್ಲಾಪಿಯಲ್ಲಿ ಏನಿದೆ? ಕೇಳಿದರೆ, “ಮಶೀನ್ ಏಳಲಿಲ್ಲಂದ್ರ ಎಬ್ಬಸಾದು ಸರ” ಅನ್ನುತ್ತಿದ್ದ. ಒಂದು ದಿನ ಅಂಗಿಯನ್ನು ಮೊಳೆಗೆ ಹಾಕಿ ಯಾವುದೋ ಫ್ಯಾನು ಬಿಚ್ಚಲು ಹೋಗಿದ್ದಾಗ ನಾನು ಅದನ್ನು ತೆಗೆದು ನನ್ನ ಯಂತ್ರಕ್ಕೆ ಹಾಕಿ ನೋಡಿದೆ. ವಿಂಡೋಸು ಇದು ಓದಲು ಬರುವುದಿಲ್ಲ, ಅಳಿಸಿ ಹೊಸದಾಗಿ ಮಾಡಲೇ ಎಂದು ಕೇಳಿತು. ಓದಲು ಬಾರದ್ದು ಅಂದ ಮೇಲೆ ಮುಚ್ಚಿಟ್ಟದ್ದೇ ಎಂದು ತೀರ್ಮಾನಿಸಿ, ಮೊದಲಿದ್ದ ಹಾಗೆಯೇ ಜೇಬಿಗೆ ಹಾಕಿದೆ.

ಆಮೇಲೆ ಒಂದು ಶುಕ್ರವಾರ ಆತ ಮತ್ತೆ ಬಂದ. “ಸರ, ಇನ್ನೊಂದೀಟು ಸರೀಬೇಕಾಗ್ತದ. ನಾಕನೇ ವಾಟ್ನಿ ಮಾಡ್ಬೇಕು.”

“ಅದು ಯಾರಿಗ್ರಿ? ಮೂರನೇ ಲಿನಕ್ಸ್ ಏನು?”

“ಅಲ್ರಿ. ನಿಮ್ಮ ಡಿಸ್ಕಿನ ಮುಂದಿನ ಭಾಗ ಸಪ್ಪಳ ಮಾಡ್ಲಾಕತ್ತದ, ಕೇಳ್ರಿ. ನಿಮ್ಮ ಡ್ರಾಯಿಂಗ್ ಅಲ್ಲೇ ಕುಂತಾವ. ದಿನಾ ಸಂಜೀಕ ಎಲ್ಲಾದರ ನಕಲು ಹಿಂದ ಒಂದ್ಕಡೆ ಇಡ್ತೀನಿ. ಹೊಸಾ ಡಿಸ್ಕ್ ಬೇಕಂತ ಸಾಹೇಬ್ರಿಗೆ ಹೇಳೀನಿ, ತರ್ತೀನಂದಾರ. ಬರೂತನಾ ಕಾಯಬೇಕಲ್ರಿ.”

ನಾನು ಕಿವಿಯಿಟ್ಟು ಕೇಳಿದೆ. ಪ್ರೆಸ್ಸುಗಳ ಸದ್ದಿನಲ್ಲಿ ಬೆಳೆದ ಕಿವಿಗೆ ಏನೂ ಕೇಳಲಿಲ್ಲ. ಕೇಳಿದ್ದು ‘ನಕಲು’ ಎಂಬ ಒಂದೇ ಮಾತು. ನಾನು ಸಂಜೆ ಬಸ್ಸು ಹಿಡಿಯಲು ಹೊರಟ ಮೇಲೆ, ನನ್ನ ವಿಂಡೋಸಿಗೆ ಕಾಣದ ಕೋಣೆಯೊಂದರಲ್ಲಿ, ನನ್ನ ಎಲ್ಲ ಡ್ರಾಯಿಂಗುಗಳ ನಕಲು. ಆಗಲೆಂದೆ. ಬೇಡ ಅನ್ನಲು ಕಾರಣ ಕೊಡಬೇಕಾಗುತ್ತದಲ್ಲ.

ಇದಾಗಿ ನಾಲ್ಕು ತಿಂಗಳಿಗೆ ಹಿಂದಿನ ಓಣಿಯ ಕಾರ್ಖಾನೆಯವರು ನಮ್ಮದೇ ಒಂದು ಫಿಕ್ಸ್ಚರನ್ನು, ಅದೇ ಅಳತೆ, ಅದೇ ಕ್ಲ್ಯಾಂಪು, ಮಾಡಿ ನಮ್ಮ ಗಿರಾಕಿಗೇ ಕೊಟ್ಟರೆಂದು ಸುದ್ದಿ ಬಂತು. ಮಾಲಕರ ಮುಖ ಕಪ್ಪಿಟ್ಟಿತು. ಡ್ರಾಯಿಂಗು ಹೊರಗೆ ಹೇಗೆ ಹೋಯಿತು ಎಂದು ನನ್ನನ್ನೇ ಕರೆದು ಕೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ನಾನು ಕದಿಯದೆಯೂ ಹೆಗಲು ಮುಟ್ಟಿಕೊಂಡೆ. ಡ್ರಾಯಿಂಗು ಮಾಡುವವ ನಾನೊಬ್ಬನೇ, ಜೊತೆಗೆ ಆತ ನಮ್ಮ ಕಡೆಯವ. ಇಬ್ಬರನ್ನೂ ಸೇರಿಸಿ ನೋಡಿದರೆ ಎಂಬ ಭಯದಲ್ಲಿ ಆತನ ಹೆಸರೆತ್ತಿದೆ. ದಿನಾ ನಕಲು ತೆಗೆಯುತ್ತಾನೆ, ಎಲ್ಲಿಡುತ್ತಾನೋ ನನಗೆ ಕಾಣುವುದಿಲ್ಲ, ಜೇಬಿನಲ್ಲೊಂದು ಫ್ಲಾಪಿ ಇರುತ್ತದೆ, ಅಷ್ಟೇ ಹೇಳಿದೆ. ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಮಾಲಕರು ನಿಗಾ ಇಡಿ ಎಂದರು.

ನಿಗಾ ಇಡುವುದರಲ್ಲಿ ನಾನು ನಿಲ್ಲಲಿಲ್ಲ. ಆತ ರಾಂಜಣಗಾಂವದ ಗಿರಾಕಿಯ ಹತ್ತಿರ ಹೋಗಿದ್ದ ಒಂದು ಮಧ್ಯಾಹ್ನ, ಕೋಣೆಯ ಬಾಗಿಲು ಮುಂದಕ್ಕೆ ಮಾಡಿ, ಆತ ತೆರೆಯುತ್ತಿದ್ದಂಥದೇ ಕಪ್ಪು ಪರದೆಯನ್ನು ವಿಂಡೋಸಿನ ಕಡೆಯಿಂದ ತೆರೆದೆ. ನಾಲ್ಕು ಸಾಲು ಕಂಡವು. ಒಂದು ನನ್ನದು. ಉಳಿದ ಮೂರು ನನ್ನವಲ್ಲ ಎಂದು ಕಂಪ್ಯೂಟರೇ ಹೇಳಿತು. ಒಂದನ್ನು ಅಳಿಸಿದೆ. ಖಂಡಿತವೇ ಎಂದು ಕೇಳಿತು, ಹೌದೆಂದೆ. ಎರಡನ್ನು ಅಳಿಸಿದೆ. ಮೂರನ್ನು ಅಳಿಸಿದೆ. ನೀರು ಕುಡಿಯಲು ನಾನು ಏಳಲಿಲ್ಲ. ಕದ್ದ ಮಾಲು ಕಳ್ಳನ ಕೈಯಿಂದ ಕಿತ್ತುಕೊಂಡ ಸಮಾಧಾನ, ಬಾವಿ ನಮ್ಮ ಕಡೆ ಬಂದ ಹಾಗೆ. ಕಂಪ್ಯೂಟರು ಮತ್ತೆ ಎದ್ದಾಗ ಯಾವ ವ್ಯವಸ್ಥೆ ಬೇಕು ಎಂದು ಕೇಳುವ ಪಟ್ಟಿ ಮಾತ್ರ ಮೊದಲಿನ ಹಾಗೆಯೇ ಬಂತು. ಹೆಸರುಗಳಿದ್ದವು, ಹಿಂದೆ ಮನೆಗಳಿರಲಿಲ್ಲ.

ಆತ ಎರಡು ದಿನ ರಾಂಜಣಗಾಂವದಲ್ಲೇ ಉಳಿದ. ಮೂರನೆಯ ದಿನ ಬೆಳಗ್ಗೆ ನನ್ನ ವಿಂಡೋಸು ಏಳಲಿಲ್ಲ. ಈ ಸಲ ಸಪ್ಪಳ ನನಗೂ ಕೇಳಿತು, ಹಲ್ಲು ಕಡಿದಂಥ ಸಪ್ಪಳ. ಮೂರು ತಿಂಗಳಿನಿಂದ ಮಾಡುತ್ತಿದ್ದ ಒಂದು ದೊಡ್ಡ ಆರ್ಡರಿನ ಡ್ರಾಯಿಂಗುಗಳು ಅದರೊಳಗೆ. ನನ್ನ ನಲವತ್ತು ಫ್ಲಾಪಿಗಳು ಕೊನೆಯ ವಾಟ್ನಿಯ ಕಾಲದವು, ಆ ಆರ್ಡರು ಬಂದದ್ದೇ ಆಮೇಲೆ. ಕೆಳಗೆ ಕಬ್ಬಿಣ ಕತ್ತರಿಸಿ ಕಾಯುತ್ತಿದ್ದರು. ಮಾಲಕರು ಆತನನ್ನು ಕರೆಸಿದರು. ಆ ಡ್ರಾಯಿಂಗುಗಳ ಒಂದೇ ನಕಲು ನಾನು ಅಳಿಸಿದ ವಾಟ್ನಿಯಲ್ಲಿತ್ತೆಂದು ಈಗ ನನಗೆ ಅರ್ಥವಾಗಿತ್ತು.

ಆತ ಬಂದವನೇ ಗಾಬರಿಯಾಗಲಿಲ್ಲ. “ಹೋಗ್ಲಿ ಬಿಡ್ರಿ ಸರ, ಹಿಂದ ಅದ” ಅಂದ. ಹಳೆಯ ಲಿನಕ್ಸ್ ಆರಿಸಿದ. ಅದು ನಾಲ್ಕು ಸಾಲು ಬರೆದು ಸ್ತಬ್ಧವಾಯಿತು. ಹೊಸದನ್ನು ಆರಿಸಿದ. ಅದೂ ಹಾಗೆಯೇ. ಜೇಬಿನ ಫ್ಲಾಪಿ ತೆಗೆದು ಹಾಕಿದ. ಆ ಫ್ಲಾಪಿಯಿಂದ ಯಂತ್ರ ಎದ್ದು ನಿಂತಿತು. ಮಶೀನ್ ಏಳಲಿಲ್ಲಂದ್ರ ಎಬ್ಬಸಾದು ಅಂದದ್ದು ನಿಜವೇ ಆಗಿತ್ತು. ಡಿಸ್ಕಿನ ಪಟ್ಟಿ ತೆರೆದು ನೋಡಿದ. ನಾಲ್ಕು ಸಾಲು ಇರಬೇಕಾದಲ್ಲಿ ಒಂದೇ ಸಾಲು.

ಆ ಒಂದು ಸಾಲಿನ ಅಂಕಿಗಳನ್ನು ಬೆರಳಿಟ್ಟು ಎರಡು ಸಲ ಓದಿದ. ಆಮೇಲೆ ಪರದೆಯಿಂದ ಕಣ್ಣು ತೆಗೆಯದೆ ಕೇಳಿದ: “ಸರ, ನಾ ಇಲ್ಲದಾಗ ಯಾರರೆ ಇದರ ಮುಂದ ಕುಂತಿದ್ರೇನ್ರಿ?”

ಮಾಲಕರು ಬಾಗಿಲಲ್ಲಿ ನಿಂತಿದ್ದರು. ಅವರಿಗೆ ಕನ್ನಡ ಬರದು, ಆದರೆ ನನ್ನ ಉತ್ತರಕ್ಕೆ ಕಾಯುತ್ತಿದ್ದಾರೆಂದು ಅನ್ನಿಸಿತು.

“ಇಲ್ಲ” ಅಂದೆ.

ಆತ ಸ್ಕ್ರೂಡ್ರೈವರ್ ತೆಗೆದು ಮುಚ್ಚಳ ಬಿಚ್ಚಿದ. ಒಳಗಿನ ಚೀಟಿಯನ್ನು ಉಗುರಿನಿಂದ ನಿಧಾನ ಕಿತ್ತು ನನ್ನ ಕೈಗೆ ಕೊಟ್ಟ. “ಇದನ್ನ ಓದ್ರಿ ಸರ. ನಾ ಹೊಡೀತೀನಿ. ಅಳಿಸಿದ್ದು ಪಟ್ಟಿಯೊಳಗಿನ ಹೆಸರಷ್ಟ. ಒಳಗಿನ ಸಾಮಾನು ಇದ್ದಲ್ಲೇ ಇರ್ತದ. ಗಡಿ ಇದ್ದಂಗ ಇದ್ದಲ್ಲೇ ಹಾಕಿದ್ರ ಎಲ್ಲಾ ಬರ್ತದ. ಒಂದು ಅಂಕಿ ಹೆಚ್ಚುಕಮ್ಮಿ ಆತಂದ್ರ ಬರಂಗಿಲ್ಲ.”

ಇಡೀ ಕಾರ್ಖಾನೆಯಲ್ಲಿ ಆತನನ್ನು ಬಿಟ್ಟರೆ ಆ ಅಂಕಿಗಳನ್ನು ಓದಬಲ್ಲವನು ನಾನೊಬ್ಬನೇ ಇದ್ದೆ ಎಂದು ಆಗಲೇ ಹೇಳಿದೆನಲ್ಲ. ಬೇಕಾದರೆ ಆತನೇ ಓದಿಕೊಳ್ಳಬಹುದಿತ್ತು. ನನಗೇ ಯಾಕೆ ಕೊಟ್ಟ ಎಂಬುದು ಇವತ್ತಿಗೂ ನನ್ನನ್ನು ಕಾಡುವ ಅನುಮಾನ. ಒಂದು ಅಂಕಿ ತಪ್ಪಿ ಓದಿದರೆ ನಾನು ಮಾಡಿದ್ದು ಅಲ್ಲಿಗೇ ಹೂತುಹೋಗುತ್ತಿತ್ತು, ಲಿನಕ್ಸೇ ಎಲ್ಲ ನುಂಗಿತು ಎಂದಾಗುತ್ತಿತ್ತು. ಆ ಯೋಚನೆ ಬಂದಿಲ್ಲವೆಂದು ಹೇಳುವುದಿಲ್ಲ, ಬಂತು. ಆದರೆ ಡ್ರಾಯಿಂಗುಗಳು ನನ್ನವು. ಸರಿಯಾಗಿಯೇ ಓದಿದೆ. ನಾನು ಓದಿದ್ದನ್ನು ಆತ ತಿರುಗಿ ಹೇಳುತ್ತಾ ಒಂದೊಂದೇ ಅಂಕಿ ಹೊಡೆದ. ಎಲ್ಲ ಮುಗಿದ ಮೇಲೆ, ಮಾಲಕರು ಚಡಪಡಿಸುತ್ತಿದ್ದರೂ, ಎದ್ದು ಹೋಗಿ ನೀರು ಕುಡಿದು ಬಂದ. “ಇನ್ನೊಮ್ಮೆ ಓದ್ರಿ” ಅಂದ. ಓದಿದೆ. ಗುಂಡಿ ಒತ್ತಿದ.

ಅರ್ಧ ತಾಸಿಗೆ ನನ್ನ ಡ್ರಾಯಿಂಗುಗಳ ಹೆಸರುಗಳು ಸಾಲಾಗಿ ಕಪ್ಪು ಪರದೆಯ ಮೇಲೆ ಇಳಿದವು. ಮೂರು ತಿಂಗಳಿನವು, ಒಂದೂ ಬಿಡದೆ. ರಾಂಜಣಗಾಂವಕ್ಕೆ ಹೋಗುವ ಹಿಂದಿನ ಸಂಜೆಯವರೆಗೆ ದಿನವೂ ತೆಗೆದಿಟ್ಟಿದ್ದ. ಹೊಸ ಡಿಸ್ಕು ತರಿಸಿ ಅದಕ್ಕೆ ಇಳಿಸಿದ. “ಬಂದ್ವು ಸರ. ತಗದು ನೋಡ್ರಿ” ಅಂದ. ನನಗೆ ಅಳು ಬಂತು. ಸಂತೋಷಕ್ಕೋ ನಾಚಿಕೆಗೋ ಬೇರೆ ಮಾಡಿ ನೋಡುವ ಧೈರ್ಯ ಆಗ ಇರಲಿಲ್ಲ.

ಮಾಲಕರಿಗೆ ಮಾತ್ರ ಸಂತೋಷವಾಗಲಿಲ್ಲ. ಗಾಜಿನ ಕೋಣೆಗೆ ನನ್ನನ್ನು ಕರೆದು ಬಾಗಿಲು ಹಾಕಿದರು. “ಮಾಝ್ಯಾ ಕಾರಖಾನ್ಯಾತ ಮಲಾಚ್ ದಿಸತ್ ನಾಹೀ ಅಶೀ ಖೋಲೀ?” ಅಂದರು. ನನ್ನ ಕಾರ್ಖಾನೆಯಲ್ಲಿ ನನಗೇ ಕಾಣದ ಕೋಣೆ. ಮಾಯ ಮಾಡುವವನೂ ಅವನೇ, ತರಿಸುವವನೂ ಅವನೇ. ಇಂಥವನನ್ನು ಇಟ್ಟುಕೊಂಡರೆ ನಾಳೆ ನಮ್ಮ ಕುತ್ತಿಗೆ ಅವನ ಕೈಯಲ್ಲಿ. ಡ್ರಾಯಿಂಗ್ ಹೊರಗೆ ಹೋದದ್ದೂ ಈ ಕೋಣೆಯಿಂದಲೇ ಇರಬೇಕು. ನಿಮಗೇನನ್ನಿಸುತ್ತದೆ ಎಂದು ಕೇಳಿದರು.

ಆತ ಹೊರಗೆ ಬೆಂಚಿನ ಮೇಲೆ ಕುಳಿತಿದ್ದ. ಗಾಜಿನಿಂದ ನನಗೆ ಕಾಣುತ್ತಿದ್ದ, ನಾನೂ ಆತನಿಗೆ ಕಾಣುತ್ತಿದ್ದೆ. ಮಾತು ಮಾತ್ರ ಹೊರಗೆ ಹೋಗುತ್ತಿರಲಿಲ್ಲ. ನಾನು ಎರಡೂ ಕೈ ಮುಂದೆ ಕಟ್ಟಿಕೊಂಡು, ತಲೆ ತಗ್ಗಿಸಿ ನಿಂತಿದ್ದೆ. ಅಳಿಸಿದ್ದು ನಾನು ಎಂಬ ಎರಡು ಶಬ್ದ ಹೇಳಿದ್ದರೆ ಆತನ ನೌಕರಿ ಉಳಿಯುತ್ತಿತ್ತು. ನನ್ನದು ಹೋಗುತ್ತಿತ್ತೋ ಇಲ್ಲವೋ ಗೊತ್ತಿಲ್ಲ. ಬಹುಶಃ ಹೋಗುತ್ತಿರಲಿಲ್ಲ. ಬೈಗುಳ ತಿನ್ನುತ್ತಿದ್ದೆ, ಅಷ್ಟೇ. “ತುಮ್ಹೀಚ್ ಬಘಾ ಸಾಹೇಬ್” ಅಂದೆ. ನೀವೇ ನೋಡಿ ಸಾಹೇಬರೇ. ಅವರು ನೋಡಿದರು.

ಹೋಗುವ ಮೊದಲು ಆತ ಹೊಸ ಡಿಸ್ಕಿಗೂ ನಾಲ್ಕು ವಾಟ್ನಿ ಮಾಡಿಕೊಟ್ಟ. ಸಂಜೆ ನಕಲು ತೆಗೆಯುವುದು ಹೇಗೆಂದು ನನಗೆ ಮೂರು ಸಲ ಮಾಡಿಸಿ ಕಲಿಸಿದ. “ಬ್ಯಾಸರ ಮಾಡ್ಕೋಬ್ಯಾಡ್ರಿ ಸರ, ದಿನಾ ತಗೀರಿ” ಅಂದ. ನನ್ನ ಮುಖವನ್ನು ನೋಡಿಯೇ ಅಂದ. ಅದರಲ್ಲಿ ಏನಾದರೂ ಇತ್ತೇ ಎಂದು ನಾನು ಎಷ್ಟೋ ಸಲ ನೆನೆದು ನೋಡಿದ್ದೇನೆ. ಏನೂ ಇರಲಿಲ್ಲ, ಅದೇ ನನಗೆ ನಂಬಲಾಗದ್ದು. ಪಟ್ಟಿಯ ಮೂರು ಸಾಲು ತಾನಾಗಿ ಅಳಿಯುವುದಿಲ್ಲ ಎಂದು ಆತನಿಗಿಂತ ಚೆನ್ನಾಗಿ ಬಲ್ಲವರು ಯಾರು?

ವರ್ಷದ ಮೇಲೆ ಗಿರಾಕಿಯ ಖರೀದಿ ವಿಭಾಗದವನೊಬ್ಬ ಊಟದ ಹೊತ್ತಿಗೆ ನಗುತ್ತಾ ಹೇಳಿದ, ನಿಮ್ಮ ಡ್ರಾಯಿಂಗನ್ನು ಹಿಂದಿನ ಓಣಿಯವರಿಗೆ ಕೊಟ್ಟವರು ನಾವೇ, ಇನ್ನೂ ಅಗ್ಗಕ್ಕೆ ಮಾಡಿಸಲಿಕ್ಕೆ, ಎಲ್ಲರೂ ಮಾಡುತ್ತಾರೆ ಎಂದು. ಮಾಲಕರಿಗೆ ತಿಳಿಸಿದೆ. “ಜಾಊ ದ್ಯಾ” ಅಂದರು, ಹೋಗಲಿ ಬಿಡಿ. ಹೋದವನು ಹೋಗಿಯಾಗಿತ್ತು. ದೌಂಡ ಹತ್ತಿರ ಕುರಕುಂಭದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ, ದಾಪೋಡಿಯ ಮನೆಯಿಂದ ಅಷ್ಟು ದೂರ ದಿನಾ ಓಡಾಡುತ್ತಾನೆ ಎಂದು ಕೇಳಿದ್ದೆ. ಹೋಗಿ ಕಾಣಬೇಕೆಂದು ಒಂದೆರಡು ಗುರುವಾರ ಚಪ್ಪಲಿ ಹಾಕಿಕೊಂಡದ್ದೂ ಉಂಟು. ನನ್ನ ಬಾಯಿಂದ ಕೇಳಲಿಕ್ಕೇ ಆತ ಕಾಯುತ್ತಿದ್ದರೆ ಎಂಬ ಹೆದರಿಕೆಗೆ ಚಪ್ಪಲಿ ಬಿಟ್ಟೆ.

ಹಾಗೇ ಏಳೆಂಟು ವರ್ಷ ಹೋದವು. ನಮ್ಮ ಕಾರ್ಖಾನೆಯ ಹಳೆಯ ಟರ್ನರ್ ಒಬ್ಬ ಬಸ್ ಸ್ಟಾಪಿನಲ್ಲಿ ಸಿಕ್ಕು, ಕಂಪ್ಯೂಟರ್‌ವಾಲಾ ಸೋಲಾಪುರ ರಸ್ತೆಯಲ್ಲಿ ಅಪಘಾತವಾಗಿ ಹೋದ, ತಿಂಗಳಾಯಿತು ಎಂದ. ಮುಂದಿನ ಗುರುವಾರ ಬೆಳಗ್ಗೆ ದಾಪೋಡಿಗೆ ಹೋದೆ. ಈ ಸಲ ಚಪ್ಪಲಿ ಬಿಡಲು ನೆಪ ಉಳಿದಿರಲಿಲ್ಲ.

ಎರಡು ಕೋಣೆಯ ಮನೆ. ಆತನ ಹೆಂಡತಿ ಯಾವುದೋ ಮೆಸ್ಸಿಗೆ ರೊಟ್ಟಿ ಬಡಿದು ಕೊಡುತ್ತಿದ್ದಳು, ಕೈ ಹಿಟ್ಟಾಗಿತ್ತು. ನಾನು ಹೆಸರು ಹೇಳುವ ಮೊದಲೇ, “ನೀವು ಡ್ರಾಯಿಂಗಿನ ಸರ ಹೌದಲ್ರಿ? ಬರ್ರಿ ಅಣ್ಣಾರ, ಕೂಡ್ರಿ” ಅಂದಳು. ಚಹಾ ಮಾಡಿ ತಂದು ಎದುರಿಗೆ ಕುಳಿತಳು.

“ನಿಮ್ಮ ಸುದ್ದಿ ಭಾಳ ಹೇಳ್ತಿದ್ರು. ಆ ನೌಕರಿ ಹೋದಾಗ ನಮ್ಮ ಮಂದ್ಯಾಗ ಎಲ್ಲಾರೂ ಕಳುವು ಮಾಡ್ಯಾನ, ಅದಕ್ಕ ತಗದಾರ ಅಂದ್ರು. ನನ್ನ ಸ್ವಂತ ಅಣ್ಣನೂ ಅಂದ. ಇವ್ರು ಯಾರಿಗೂ ಉತ್ತರಾ ಕೊಡಲಿಲ್ಲ. ನನಗಷ್ಟ ಹೇಳಿದ್ರು, ನೀ ಚಿಂತಿ ಮಾಡಬ್ಯಾಡ, ಮಾಲಕರ ಮುಂದ ನಮ್ಮ ಸರ ಕೈ ಜೋಡಿಸಿ ನಿಂತು ನನ್ನ ಪರ ಮಾತಾಡ್ಯಾರ, ನಾ ಗಾಜಿನಾಗಿಂದ ನೋಡೀನಿ ಅಂತ.”

ಚಹಾದ ಬಟ್ಟಲನ್ನು ಕೆಳಗಿಟ್ಟೆ. ಆತ ನಿಜವಾಗಿ ಹಾಗೇ ತಿಳಿದಿದ್ದನೇ? ಅಥವಾ ಎಲ್ಲ ಗೊತ್ತಿದ್ದೂ ಹೆಂಡತಿಯ ಸಮಾಧಾನಕ್ಕೆ ಹೇಳಿದ್ದನೇ? ಅಥವಾ ನಾನು ಎಂದಾದರೂ ಬಂದು ಇಲ್ಲೇ, ಇದೇ ಜಾಗದಲ್ಲಿ ಕುಳಿತು ಇದನ್ನು ಕೇಳಲಿ ಎಂದೇ ಹೇಳಿಟ್ಟಿದ್ದನೇ? ಸತ್ತವನ ಮೇಲೂ ಅನುಮಾನ ಪಡುವ ನನ್ನ ಈ ಬುದ್ಧಿಗೆ ನನಗೇ ಹೇಸಿಗೆಯಾಯಿತು.

“ಹಾಂಗಲ್ಲ ತಂಗಿ, ಅದು...” ಎಂದು ಬಾಯಿ ತೆರೆದೆ.

“ನೀವು ಹೇಳ್ಕೊಳ್ಳಂಗಿಲ್ಲಂತನೂ ಅಂದಿದ್ರು” ಎಂದು ಆಕೆ ತಲೆ ತಗ್ಗಿಸಿ, ಬೆರಳಿಗೆ ಅಂಟಿದ ಹಿಟ್ಟು ಉಜ್ಜಿಕೊಂಡಳು. ಆಮೇಲೆ ಕೇಳಿದಳು: “ಒಂದು ಮಾತು ಕೇಳ್ತೀನ್ರಿ ಅಣ್ಣಾರ, ಸಿಟ್ಟಾಗಬ್ಯಾಡ್ರಿ. ನಂಗ ಅವಾಗಿಂದ ಒಂದು ಸಂಶೆ ಅದ. ನನ್ನ ಸಮಾಧಾನಕ್ಕ ಇವ್ರು ಹಂಗ ಹೇಳಿದ್ರೋ ಏನೋ ಅಂತ. ಅಣ್ಣನ ಬಾಯಿ ಮುಚ್ಚಸಾಕ ಇಷ್ಟು ವರ್ಷ ಅದೊಂದ ಮಾತು ಹಿಡಕೊಂಡು ಬಂದೀನಿ. ಖರೇನ ಮಾತಾಡಿದ್ರೇನ್ರಿ ನೀವು?”

ಹೊರಗೆ ಲೋಕಲ್ ರೈಲುಗಾಡಿ ಬಂತು. ಅದು ಹೋಗುವವರೆಗೆ ಕಾಯಲು ನನಗೊಂದು ನೆಪ ಸಿಕ್ಕಿತು. ಗಾಡಿ ಹೋದ ಮೇಲೂ ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು.

“ಹೌದವಾ, ಮಾತಾಡಿದ್ದೆ” ಅಂದೆ.

ಆಕೆ ನಂಬಿದಳು.